ಪಿಸಿಒಎಸ್‌ಗೆ ಕಾರ್ಬ್ ಕಡಿಮೆ ಇರುವ ಕುರುಕು: ಆಫೀಸ್ ಡಬ್ಬಿಗೆ ಏನು ಹಾಕಲಿ?

ಗೋಣಿಕೊಪ್ಪಲು_ಓದುಗಿ

ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ಅಂಡಾಶಯದ ತೊಂದರೆ) ಇದೆ, ವಯಸ್ಸು 27. ಮೆಟ್‌ಫಾರ್ಮಿನ್ ಮಾತ್ರೆ (ಇನ್ಸುಲಿನ್ ಕೆಲಸಕ್ಕೆ ನೆರವಾಗೋದು) 500 ಎಂಜಿ, ಎರಡು ಹೊತ್ತು. ಶುಗರ್ ನಾರ್ಮಲ್, ಆದರೂ ಇನ್ಸುಲಿನ್ ರೆಸಿಸ್ಟೆನ್ಸ್ (ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರೋದು) ಇದೆ, ಕಾರ್ಬ್ (ಪಿಷ್ಟ, ಸಕ್ಕರೆ) ಕಡಿಮೆ ಮಾಡಿ ಅಂದಿದ್ದಾರೆ ಡಾಕ್ಟರ್. ಊಟದ ಲೆಕ್ಕ ಹೇಗೋ ಹಿಡಿತಕ್ಕೆ ಬಂದಿದೆ. ಕಷ್ಟ ಇರೋದು ಬೆಳಿಗ್ಗೆ 11ಕ್ಕೆ ಮತ್ತು ಸಂಜೆ ನಾಲ್ಕೂವರೆಗೆ. ಆಫೀಸಿನಲ್ಲಿ ಫ್ರಿಜ್ ಇಲ್ಲ. ಈ ಮಳೆಯಲ್ಲಿ ಏನು ತಂದಿಟ್ಟರೂ ಎರಡೇ ದಿನಕ್ಕೆ ಮೆತ್ತಗಾಗುತ್ತೆ.

ಈಗ ಡಬ್ಬಿಯಲ್ಲಿ ಇರೋದು ಇಷ್ಟು: ಹುರಿಗಡಲೆ, ರಾಗಿ ಬಿಸ್ಕೆಟ್, ತುಪ್ಪದಲ್ಲಿ ಹುರಿದ ಮಖಾನ, ಜೇನು ಹಾಕಿದ ಖರ್ಜೂರದ ಉಂಡೆ. ಸಕ್ಕರೆ ಬಿಟ್ಟಿದ್ದೇನೆ, ಕುಡಿಯೋದು ಬೆಲ್ಲದ ಕಾಫಿ. ಮೊಟ್ಟೆ, ಮಾಂಸ ಎಲ್ಲ ನಡೆಯುತ್ತೆ. ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಅಳತೆ ಸಮೇತ ಹೇಳಿದರೆ ಉಪಕಾರ.

ಪಥ್ಯದ_ಲೆಕ್ಕ

ನಿಮ್ಮ ಪಟ್ಟಿಯಲ್ಲಿ ಇರೋದೆಲ್ಲ ‘ಆರೋಗ್ಯಕ್ಕೆ ಒಳ್ಳೇದು’ ಅಂತ ಹೆಸರು ಮಾಡಿದ ಪದಾರ್ಥಗಳೇ. ಆದರೆ ಕಾರ್ಬ್ ಕಡಿಮೆ ಇರೋದು ಒಂದೂ ಇಲ್ಲ. ಒಂದೊಂದಾಗಿ ನೋಡಿ.

ಮಖಾನ ಹಗುರ, ಅದಕ್ಕೇ ಮೋಸ. 100 ಗ್ರಾಂಗೆ ಸುಮಾರು 77 ಗ್ರಾಂ ಕಾರ್ಬ್, ಅಂದರೆ ಹೆಚ್ಚುಕಡಿಮೆ ಅಕ್ಕಿಯಷ್ಟೇ. ಒಂದು ದೊಡ್ಡ ಬಟ್ಟಲು 25 ಗ್ರಾಂ ತೂಗುತ್ತೆ ಅಂದುಕೊಂಡರೆ 19 ಗ್ರಾಂ ಕಾರ್ಬ್, ಪ್ರೋಟೀನ್ ಬರೀ ಎರಡೂವರೆ. ಹುರಿಗಡಲೆ 30 ಗ್ರಾಂಗೆ 17 ಗ್ರಾಂ ಕಾರ್ಬ್. ಜೊತೆಗೆ ಆರೂವರೆ ಗ್ರಾಂ ಪ್ರೋಟೀನ್ ಇದೆ ಅನ್ನೋದು ಸಮಾಧಾನ. ರಾಗಿ ಬಿಸ್ಕೆಟ್ಟಿನಲ್ಲಿ ರಾಗಿ ಎಷ್ಟಿದೆ ಅಂತ ಪೊಟ್ಟಣ ತಿರುಗಿಸಿ ನೋಡಿ, ಬಹಳಷ್ಟರಲ್ಲಿ ಮೊದಲ ಹೆಸರೇ ಮೈದಾ ಅಥವಾ ಗೋಧಿ ಹಿಟ್ಟು. ಪೂರ್ತಿ ರಾಗಿಯೇ ಆದರೂ ರಾಗಿಯಲ್ಲಿ ನೂರಕ್ಕೆ 72 ಕಾರ್ಬ್. ನಾಲ್ಕು ಬಿಸ್ಕೆಟ್ ಅಂದರೆ 20 ಗ್ರಾಂ ಕಾರ್ಬ್. ಖರ್ಜೂರದ ಉಂಡೆ ಬಗ್ಗೆ ಹೇಳೋದೇ ಬೇಡ, ಅದು ಸಿಹಿತಿಂಡಿ. ಜೇನು ನಮ್ಮ ತೋಟದ್ದಾದರೂ ಒಂದು ಟೀ ಚಮಚಕ್ಕೆ ಐದಾರು ಗ್ರಾಂ ಸಕ್ಕರೆಯೇ.

ಇನ್ನು ಬೆಲ್ಲದ ಕಾಫಿ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ, ಇನ್ಸುಲಿನ್ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಲೋಟಕ್ಕೆ 10 ಗ್ರಾಂ ಬೆಲ್ಲ ಬಿದ್ದರೆ 9 ಗ್ರಾಂ ಕಾರ್ಬ್. ದಿನಕ್ಕೆ ನಾಲ್ಕು ಲೋಟ ಕುಡಿದರೆ 36. ಐವತ್ತು ಗ್ರಾಂ ಅಕ್ಕಿ ಬಿದ್ದ ಒಂದು ಒಟ್ಟಿಯಲ್ಲಿ (ನಮ್ಮ ಅಕ್ಕಿ ರೊಟ್ಟಿ) ಇರೋದು 40. ಕೊಡಗಿನಲ್ಲಿ ಪಿಸಿಒಎಸ್ ಪಥ್ಯ ಶುರು ಮಾಡೋರು ಮೊದಲು ಕೈಹಾಕಬೇಕಾದ್ದು ಡಬ್ಬಿಗಲ್ಲ, ಕಾಫಿಗೆ. ಬೆಲ್ಲವನ್ನು ವಾರಕ್ಕೆ ಕಾಲು ಭಾಗದಂತೆ ಇಳಿಸುತ್ತ ಬನ್ನಿ, ಒಮ್ಮೆಲೇ ನಿಲ್ಲಿಸಿದರೆ ಹದಿನೈದು ದಿನಕ್ಕೆ ವಾಪಸ್ ಹತ್ತುತ್ತೆ. ಚಿಕೋರಿ ಕಡಿಮೆ ಇರೋ ಪುಡಿ, ಸ್ವಲ್ಪ ತೆಳು ಡಿಕಾಕ್ಷನ್ ಆದರೆ ಕಹಿ ಕಡಿಮೆ, ಸಿಹಿ ಬೇಡೋದೂ ಕಡಿಮೆ.

ಶುಗರ್ ನಾರ್ಮಲ್ ಇದ್ದರೂ ಇದೆಲ್ಲ ಯಾಕೆ ಅಂದರೆ, ಆ ಶುಗರನ್ನು ನಾರ್ಮಲ್ಲಿನಲ್ಲಿ ಇಡೋಕೆ ನಿಮ್ಮ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಯುತ್ತಿದೆ. ಆ ಹೆಚ್ಚಿನ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಆಂಡ್ರೋಜನ್ (ಟೆಸ್ಟೋಸ್ಟಿರಾನ್ ಥರದ ಗಂಡು ಹಾರ್ಮೋನ್) ಜಾಸ್ತಿ ತಯಾರಿಸುವಂತೆ ಮಾಡುತ್ತೆ. ಅದೇ ಹೊತ್ತಿಗೆ ಲಿವರ್‌ನಲ್ಲಿ ಎಸ್‌ಎಚ್‌ಬಿಜಿ ಅನ್ನೋ ಪ್ರೋಟೀನನ್ನು ಇಳಿಸುತ್ತೆ. ಟೆಸ್ಟೋಸ್ಟಿರಾನನ್ನು ಹಿಡಿದಿಡುವ ಪ್ರೋಟೀನ್ ಅದು. ಅದು ಕಡಿಮೆಯಾದರೆ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟಿರಾನ್ ಹೆಚ್ಚು. ಮೊಡವೆ, ಗಲ್ಲದ ಕೂದಲು, ತಪ್ಪುವ ಮುಟ್ಟು ಬರೋದು ಈ ದಾರಿಯಲ್ಲಿ. ಗ್ಲುಕೋಮೀಟರ್ ಚುಚ್ಚಿಕೊಂಡು ‘ಮಖಾನ ತಿಂದರೂ 110 ದಾಟಲಿಲ್ಲ’ ಅಂತ ಖುಷಿಪಡೋರಿಗೆ ಈ ಇನ್ಸುಲಿನ್ ಕಾಣೋದಿಲ್ಲ.

ಗುರಿ ಹೀಗಿಟ್ಟುಕೊಳ್ಳಿ: ಒಂದು ಹೊತ್ತಿನ ಕುರುಕಿಗೆ ಕಾರ್ಬ್ 10 ಗ್ರಾಂ ಒಳಗೆ, ಪ್ರೋಟೀನ್ 6 ಗ್ರಾಂ ಹತ್ತಿರ, ಕ್ಯಾಲೊರಿ 150ರ ಆಸುಪಾಸು. ಇದಕ್ಕೆ ಹೊಂದುವ, ಫ್ರಿಜ್ ಬೇಡದ ಒಂದು ಮಿಶ್ರಣ ಹೇಳ್ತೇನೆ.

ಕಡ್ಲೆಬೀಜ 100 ಗ್ರಾಂ, ಸಿಪ್ಪೆ ತೆಗೆದ ಕುಂಬಳಕಾಯಿ ಬೀಜ 50, ತೆಳ್ಳಗೆ ಹೆಚ್ಚಿದ ಒಣಕೊಬ್ಬರಿ 30, ಅಗಸೆ ಬೀಜ 20, ಎರಡು ಎಸಳು ಕರಿಬೇವು, ಒಂದು ಟೀ ಚಮಚ ಎಣ್ಣೆ, ಉಪ್ಪು, ಅರಿಶಿನ, ತರಿಯಾಗಿ ಕುಟ್ಟಿದ ಕರಿಮೆಣಸು. ದಪ್ಪ ತಳದ ಬಾಣಲೆ. ಕಡ್ಲೆಬೀಜವನ್ನು ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಕೈ ಬಿಡದೆ. ಉರಿ ಜೋರಾದರೆ ಸಿಪ್ಪೆ ಕಪ್ಪಾಗುತ್ತೆ, ಒಳಗೆ ಹಸಿ ಉಳಿಯುತ್ತೆ, ಆ ಹಸಿಯೇ ಮೂರನೇ ದಿನ ಮೆತ್ತಗಾಗೋಕೆ ಕಾರಣ. ಒಂದು ಬೀಜ ತಣಿಸಿ ಒಡೆದು ನೋಡಿ: ಕಟ್ ಅಂತ ಎರಡಾಗಬೇಕು, ಒಳಮೈ ತಿಳಿ ಕಂದು ಇರಬೇಕು. ಅದನ್ನು ತೆಗೆದು ಕುಂಬಳ ಬೀಜ ಹಾಕಿ. ಮೂರು ನಾಲ್ಕು ನಿಮಿಷಕ್ಕೆ ಉಬ್ಬಿ ಚಟಪಟ ಅನ್ನುತ್ತೆ, ಅಷ್ಟೇ ಸಾಕು. ಅಗಸೆಯನ್ನು ಬೇರೆಯಾಗಿಯೇ ಹುರಿಯಿರಿ, ಒಟ್ಟಿಗೆ ಹಾಕಿದರೆ ಅದು ಮೊದಲು ಸೀದು ಇಡೀ ಬಾಣಲೆ ಕಹಿ ಮಾಡುತ್ತೆ. ಕೊನೆಗೆ ಎಣ್ಣೆಯಲ್ಲಿ ಕರಿಬೇವು ಪೂರ್ತಿ ಗರಿಗರಿ ಆಗಲಿ. ಎಲೆಯಲ್ಲಿ ನೀರು ಉಳಿದರೆ ಡಬ್ಬಿಯೊಳಗೆಲ್ಲ ಅದೇ ಹರಡುತ್ತೆ. ಕೊಬ್ಬರಿ, ಉಪ್ಪು, ಅರಿಶಿನ ಹಾಕಿ ಒಂದು ನಿಮಿಷ, ಒಲೆ ಆರಿಸಿ ಎಲ್ಲ ಸೇರಿಸಿ, ಮೆಣಸು ಕೊನೆಗೆ.

200 ಗ್ರಾಂ ಆಗುತ್ತೆ, ಎಂಟು ಪಾಲು ಮಾಡಿ. ಒಂದು ಪಾಲಿನಲ್ಲಿ 4 ಗ್ರಾಂ ಕಾರ್ಬ್, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನಾರು, ಪ್ರೋಟೀನ್ 6 ಗ್ರಾಂ ಹತ್ತಿರ, 150 ಕ್ಯಾಲೊರಿ. ಪಾಲು ಮಾಡದೆ ಡಬ್ಬಿ ಮೇಜಿನ ಮೇಲಿಟ್ಟುಕೊಂಡರೆ ಕಾರ್ಬ್ ಏನೋ ಕಡಿಮೆಯೇ, ಆದರೆ ಒಂದೇ ಸಂಜೆಗೆ 600 ಕ್ಯಾಲೊರಿ ಒಳಗೆ ಹೋಗಿರುತ್ತೆ. ಕಾರ್ಬ್ ಕಡಿಮೆ ಮಾಡಿಯೂ ತೂಕ ಇಳಿಯಲಿಲ್ಲ ಅನ್ನೋರಲ್ಲಿ ಬಹಳ ಜನ ಜಾರೋದು ಇಲ್ಲೇ.

ಮಳೆ_ಮಡಿಕೇರಿ

ಮೇಲಿನವರು ಹೇಳಿದ ಮಿಶ್ರಣ ಚೆನ್ನಾಗಿದೆ, ಇಡೋ ವಿಷಯ ಸೇರಿಸ್ತೇನೆ. ಬಿಸಿ ಇರುವಾಗ ಮುಚ್ಚಳ ಹಾಕಿದರೆ ಹಬೆ ಒಳಗೇ ನೀರಾಗಿ ಇಳಿಯುತ್ತೆ. ಹಾಗಂತ ತಟ್ಟೆಯಲ್ಲಿ ಹರಡಿ ರಾತ್ರಿಯೆಲ್ಲ ಬಿಟ್ಟರೆ ಆಟಿ ಮಳೆಯ ಥಂಡಿ ಅದನ್ನೇ ಹೀರಿಕೊಳ್ಳುತ್ತೆ. ಅರ್ಧ ಗಂಟೆ ಆರಿಸಿ, ಮುಟ್ಟಿದರೆ ಬಿಸಿ ಇಲ್ಲ ಅನ್ನುವಾಗ ಮುಚ್ಚಿ. ಪಾಲುಗಳನ್ನು ಸಣ್ಣ ಸಣ್ಣ ಡಬ್ಬಿಗೆ ಹಾಕಿದರೆ ದಿನಾ ಒಂದೇ ತೆರೆಯೋದು, ಉಳಿದದ್ದಕ್ಕೆ ಗಾಳಿ ಹೋಗೋದಿಲ್ಲ. ಡಬ್ಬಿ ಹೊರಗೋಡೆಯ ಕಪಾಟಿನಲ್ಲಿ ಬೇಡ, ಒಲೆ ಪಕ್ಕದ ಶೆಲ್ಫಿನಲ್ಲಿರಲಿ. ಮೊದಲು ಕೆಡೋದು ಕೊಬ್ಬರಿ. ಸೋಪಿನ ರುಚಿ ಬಂತು ಅಂದರೆ ಮುಗೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಾರಕ್ಕಾಗುವಷ್ಟೇ ಮಾಡಿ.

ಕಡ್ಲೆಬೀಜ ತಂದ ದಿನವೇ ಆರಿಸಿ. ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟದ್ದು, ಮೊಳಕೆ ಮೂತಿಯಲ್ಲಿ ಹಸಿರು-ಹಳದಿ ಬೂಷ್ಟು ಇರೋದು ಬಿಸಾಡಿ. ಅಫ್ಲಾಟಾಕ್ಸಿನ್ ಅನ್ನೋ ವಿಷ ಆ ಬೂಷ್ಟಿನದ್ದು. ಹುರಿದರೆ ಬೂಷ್ಟು ಸಾಯುತ್ತೆ, ವಿಷ ಪೂರ್ತಿ ಹೋಗೋದಿಲ್ಲ. ಬಾಯಿಗೆ ಕಹಿ ಬೀಜ ಸಿಕ್ಕರೆ ನುಂಗಬೇಡಿ, ಉಗಿದುಬಿಡಿ.

ಸಿದ್ದಾಪುರ_ಕ್ರಾಸ್

ಹುರಿಗಡಲೆಯನ್ನು ಮಖಾನ, ಬಿಸ್ಕೆಟ್ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ನನ್ನ ತಕರಾರಿದೆ. ಕಡಲೆಯ ಪಿಷ್ಟ ನಿಧಾನಕ್ಕೆ ಕರಗುತ್ತೆ, ಪ್ರೋಟೀನ್ ಜೊತೆಗಿದೆ. 15 ಗ್ರಾಂ ಹುರಿಗಡಲೆ, 15 ಗ್ರಾಂ ಕಡ್ಲೆಬೀಜ ಬೆರೆಸಿದರೆ ಒಟ್ಟು 11 ಗ್ರಾಂ ಕಾರ್ಬ್, 7 ಗ್ರಾಂ ಪ್ರೋಟೀನ್. ಜೇಬಿಗೂ ಹಗುರ. ಕುಂಬಳ ಬೀಜದ ಬೆಲೆ ಕೇಳಿ ಪಥ್ಯವನ್ನೇ ಬಿಡೋದಕ್ಕಿಂತ ಇದು ವಾಸಿ. 2023ರ ಅಂತಾರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿಯೂ ಇಂಥದ್ದೇ ಒಂದು ಆಹಾರಕ್ರಮ ಉಳಿದೆಲ್ಲಕ್ಕಿಂತ ಮೇಲು ಅಂತ ಹೇಳಿಲ್ಲ. ಬಹಳ ಕಾಲ ನಡೆಸಿಕೊಂಡು ಹೋಗೋಕಾಗುವಂಥದ್ದು ಆರಿಸಿಕೊಳ್ಳಿ ಅನ್ನೋ ಧಾಟಿ ಅದರದ್ದು. ಕಾರ್ಬ್ ಇಳಿಸೋದು ಒಂದು ದಾರಿ, ಅದೊಂದೇ ದಾರಿ ಅಲ್ಲ.

ಇನ್ನೊಂದು ಮಾತು ಅಕ್ಕ. ಹನ್ನೊಂದಕ್ಕೆ ಹಸಿವಾಗೋದೇ ಯಾಕೆ ಅಂತ ನೋಡಿದ್ದೀರಾ? ಎರಡು ಒಟ್ಟಿ, ಚಟ್ನಿ ತಿಂದು ಎಂಟಕ್ಕೆ ಹೊರಟರೆ 80 ಗ್ರಾಂ ಕಾರ್ಬ್ ಒಳಗಿದೆ, ಪ್ರೋಟೀನ್ ಆರೇಳು ಗ್ರಾಂ. ನೂಲ್‌ಪುಟ್ಟು, ಪಾಪುಟ್ಟು, ಕಡಂಬುಟ್ಟು ಯಾವುದಾದರೂ ಇದೇ ಕಥೆ, ಎಲ್ಲ ಅಕ್ಕಿಯೇ. ಮೂರು ಗಂಟೆಯಲ್ಲಿ ಹೊಟ್ಟೆ ಕೂಗದೆ ಇರುತ್ತಾ? ಒಂದು ಒಟ್ಟಿ, ಎರಡು ಮೊಟ್ಟೆ, ಒಂದು ಸೌಟು ಪಲ್ಯ ಮಾಡಿ ನೋಡಿ. ಎರಡು ಮೊಟ್ಟೆಯಲ್ಲಿ 12 ಗ್ರಾಂ ಪ್ರೋಟೀನ್, ಕಾರ್ಬ್ ಒಂದು ಗ್ರಾಂ ಸಿಗೋದು ಕಷ್ಟ. ಅನೇಕರಿಗೆ 11ರ ಡಬ್ಬಿಯೇ ಬೇಡವಾಗುತ್ತೆ. ಹಸಿವಿಲ್ಲದಿದ್ದರೂ ಎರಡು ಗಂಟೆಗೊಮ್ಮೆ ಏನಾದರೂ ತಿನ್ನಲೇಬೇಕು ಅಂತ ಪಿಸಿಒಎಸ್‌ನವರಿಗೆ ಯಾರು ಹೇಳಿಕೊಟ್ಟರೋ. ತಿಂದಾಗಲೆಲ್ಲ ಇನ್ಸುಲಿನ್ ಏರುತ್ತೆ, ಖಾಲಿ ಬಿಟ್ಟ ಹೊತ್ತೂ ಲೆಕ್ಕಕ್ಕೆ ಬರುತ್ತೆ.

ಮೊಟ್ಟೆಯನ್ನು ಬೇಯಿಸಿ ಡಬ್ಬಿಗೆ ಹಾಕಿಕೊಂಡು ಹೋಗೋ ಯೋಚನೆ ಇದ್ದರೆ: ಫ್ರಿಜ್ ಇಲ್ಲದ ಕಡೆ ಬೇಯಿಸಿದ ಮೊಟ್ಟೆಗೆ ಎರಡು ಗಂಟೆ ಮಿತಿ. ಹಾಗಾಗಿ ಬೆಳಗಿನ ತಿಂಡಿಗೇ ಇರಲಿ.

ಗೋಣಿಕೊಪ್ಪಲು_ಓದುಗಿ

ಎಲ್ಲರಿಗೂ ಧನ್ಯವಾದ. ಕಾಫಿಯ ಲೆಕ್ಕ ನೋಡಿ ತಲೆ ತಿರುಗಿತು. ಮೂರು ಸಣ್ಣ ಪ್ರಶ್ನೆ: ತೋಟದಲ್ಲಿ ಬಟರ್ ಫ್ರೂಟ್ ಬೇಕಾದಷ್ಟಿದೆ, ಕುರುಕಿನ ಬದಲು ತಿನ್ನಬಹುದಾ? ಸಂಜೆ ಮನೆಯಲ್ಲಿ ಮರಗೆಣಸು ಬೇಯಿಸ್ತಾರೆ, ಹಸಿಮೆಣಸಿನ ಚಟ್ನಿ ಜೊತೆ ನಾಲ್ಕು ತುಂಡು ಪರವಾಗಿಲ್ವಾ? ಪಂದಿ (ಹಂದಿ ಮಾಂಸ) ಫ್ರೈ ಮಿಕ್ಕಿದ್ದನ್ನು ಸಂಜೆ ತಿಂದರೆ?

ತೋಟದ_ಅಡುಗೆ

ಬಟರ್ ಫ್ರೂಟ್ ಧಾರಾಳ. 100 ಗ್ರಾಂ ತಿರುಳಿನಲ್ಲಿ ಎಂಟೂವರೆ ಗ್ರಾಂ ಕಾರ್ಬ್, ಅದರಲ್ಲಿ ಆರೇಳು ಗ್ರಾಂ ನಾರೇ. ಕ್ಯಾಲೊರಿ 160. ಪ್ರೋಟೀನ್ ಮಾತ್ರ ಎರಡೇ ಗ್ರಾಂ, ಆದ್ದರಿಂದ ಹತ್ತು ಹನ್ನೆರಡು ಕಡ್ಲೆಬೀಜ ಜೊತೆಗಿರಲಿ. ನಮ್ಮಲ್ಲಿ ಇದನ್ನು ತಿನ್ನೋರಿಗಿಂತ ಕುಡಿಯೋರೇ ಹೆಚ್ಚು. ಹಾಲು, ಮೂರು ನಾಲ್ಕು ಚಮಚ ಸಕ್ಕರೆ ಹಾಕಿ ಜ್ಯೂಸ್ ಮಾಡಿದರೆ ಲೋಟಕ್ಕೆ 25-30 ಗ್ರಾಂ ಕಾರ್ಬ್, ಹಣ್ಣಿನ ಪುಣ್ಯವೆಲ್ಲ ಅಲ್ಲಿಗೆ ಸಮ.

ಮರದಲ್ಲಿ ಅದು ಹಣ್ಣಾಗೋದಿಲ್ಲ, ಕಿತ್ತ ಮೇಲೇ ಮೆತ್ತಗಾಗೋದು. ಥಂಡಿಯಲ್ಲಿ ವಾರ ಹಿಡಿದರೂ ಹಿಡೀತು. ಬೇಗ ಬೇಕಿದ್ದರೆ ಅಕ್ಕಿ ಡಬ್ಬಿಯಲ್ಲಿ ಒಂದು ಹಣ್ಣಾದ ಬಾಳೆಯ ಜೊತೆ ಹೂತಿಡಿ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಹೊಟ್ಟೆಭಾಗ ಒತ್ತಿ ನೋಡಿದರೆ ಅಲ್ಲಿ ಕಪ್ಪು ಕಲೆ ಬೀಳುತ್ತೆ. ಆಫೀಸಿಗೆ ಇಡೀ ಹಣ್ಣನ್ನೇ ಒಯ್ಯಿರಿ, ಮನೆಯಲ್ಲಿ ಕೊಯ್ದರೆ ಹನ್ನೊಂದರ ಹೊತ್ತಿಗೆ ಕಂದಾಗಿರುತ್ತೆ. ಅಲ್ಲೇ ಸೀಳಿ, ಉಪ್ಪು, ಮೆಣಸಿನ ಪುಡಿ, ಎರಡು ಹನಿ ಕಾಚಂಪುಳಿ (ಕೊಡಗಿನ ಗಟ್ಟಿ ಕಪ್ಪು ಹುಳಿರಸ) ಹಾಕಿ ಚಮಚದಲ್ಲಿ ತೋಡಿಕೊಂಡು ತಿನ್ನಿ. ಕಾಚಂಪುಳಿ ಹೆಚ್ಚಾದರೆ ಹಲ್ಲು ಚುಳ್ಳೆನ್ನುತ್ತೆ, ನಿಜಕ್ಕೂ ಎರಡೇ ಹನಿ. ದೊಡ್ಡ ಹಣ್ಣಾದರೆ ಪಕ್ಕದವರಿಗೆ ಅರ್ಧ ಕೊಡಿ.

ಮರಗೆಣಸು ಬೇಡ. 150 ಗ್ರಾಂ ಬೆಂದ ಗೆಣಸು ಅಂದರೆ ಸುಮಾರು 50 ಗ್ರಾಂ ಕಾರ್ಬ್, ಅದೂ ಬರೀ ಪಿಷ್ಟ. ಮನೆಯವರೆಲ್ಲ ತಿನ್ನುವಾಗ ಕೈಕಟ್ಟಿ ಕೂರೋದು ಆಗೋದಿಲ್ಲ ಅಂದರೆ ಒಂದು ತುಂಡು, ಅದಕ್ಕೆ ಚಟ್ನಿ ಬದಲು ಮೀನು ಸಾರೋ ಮೊಟ್ಟೆ ಪಲ್ಯವೋ ಇರಲಿ, ಮತ್ತೆ ರಾತ್ರಿ ಅನ್ನಕ್ಕೆ ಕತ್ತರಿ.

ಪಂದಿ ಫ್ರೈಯಲ್ಲಿ ಕಾರ್ಬ್ ಇಲ್ಲವೇ ಇಲ್ಲ ಅನ್ನಬಹುದು, ಆ ದೃಷ್ಟಿಯಿಂದ ತಕರಾರಿಲ್ಲ. ಆದರೆ ಪಿಸಿಒಎಸ್ ಇರೋರಲ್ಲಿ ಟ್ರೈಗ್ಲಿಸರೈಡ್, ಕೊಲೆಸ್ಟರಾಲ್ ಏರಿರೋದು ಸಾಮಾನ್ಯ. ಕೊಬ್ಬಿನ ತುಂಡು ಬದಿಗಿಟ್ಟು, ಮಾಂಸದ ನಾಲ್ಕೈದು ತುಂಡು ಆರಿಸಿಕೊಳ್ಳಿ. ಕೋಳಿ ಫ್ರೈ ಇದ್ದರೆ ಅದೇ ಮೇಲು.

ಮಳೆಗಾಲದಲ್ಲಿ ಕಣಿಲೆ (ಬಿದಿರಿನ ಮೊಳಕೆ), ಅಣಬೆ ಸಿಗುವಾಗ ಸಂಜೆಗೆ ಅದಕ್ಕಿಂತ ಒಳ್ಳೇದು ಕಡಿಮೆ. ಎಳೆ ಕಣಿಲೆ 100 ಗ್ರಾಂಗೆ ಐದು ಗ್ರಾಂ ಕಾರ್ಬ್, ಅಣಬೆಗೆ ಮೂರೇ. ಕಣಿಲೆಯಲ್ಲಿ ಸೈನೈಡ್ ಬಿಡುವ ಅಂಶ ಇರೋದರಿಂದ ಹಸಿಯಾಗಿ ಬಾಣಲೆಗೆ ಹಾಕೋ ಹಾಗಿಲ್ಲ: ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ತೆರೆದ ಪಾತ್ರೆಯಲ್ಲಿ ಕುದಿಸಿ ಆ ನೀರನ್ನೂ ಚೆಲ್ಲಿ. ಹಿಂಡಿ, ಸ್ವಲ್ಪ ತೆಂಗಿನೆಣ್ಣೆ, ಬೆಳ್ಳುಳ್ಳಿ, ಮೆಣಸಿನಲ್ಲಿ ಹುರಿದು ಮೇಲೆ ಒಂದು ಮೊಟ್ಟೆ ಒಡೆದು ಹಾಕಿ. ಥೈರಾಯ್ಡ್ ಕಡಿಮೆ ಇರೋರು ಇದನ್ನು ದಿನಾ ತಿನ್ನೋದು ಬೇಡ, ಅಯೋಡಿನ್ ಕೆಲಸಕ್ಕೆ ಅಡ್ಡಬರುತ್ತೆ. ಕಾಡಣಬೆ ಗುರುತು ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡಿ, ಪಥ್ಯಕ್ಕಿಂತ ಜೀವ ದೊಡ್ಡದು.

ಗುಳಿಗೆ_ಚೀಟಿ

ಔಷಧದ ಕಡೆಯಿಂದ ನಾಲ್ಕು ಮಾತು, ಇಲ್ಲಿ ಯಾರೂ ಎತ್ತಲಿಲ್ಲ.

ಮೆಟ್‌ಫಾರ್ಮಿನ್ ಊಟದ ಜೊತೆಗೆ ಅಥವಾ ಊಟ ಆದ ಕೂಡಲೇ. ತಿಂಡಿ ಬಿಟ್ಟು, ಹನ್ನೊಂದಕ್ಕೆ ಒಂದು ಹಿಡಿ ಬೀಜದ ಮೇಲೆ ಮಾತ್ರೆ ನುಂಗಿದರೆ ಓಕರಿಕೆ, ಹೊಟ್ಟೆ ಕೆಡೋ ಸಾಧ್ಯತೆ ಹೆಚ್ಚು. ಆಮೇಲೆ ಬೈಸಿಕೊಳ್ಳೋದು ಕಡ್ಲೆಬೀಜ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಕಾರ್ಬ್ ಇಳಿಸಿದ್ದಕ್ಕೆ ಶುಗರ್ ಲೋ ಆಗೋದು ಅಪರೂಪ. ಆದರೆ ಗ್ಲಿಮೆಪಿರೈಡ್ ಥರದ ಮಾತ್ರೆಯೋ ಇನ್ಸುಲಿನ್ನೋ ಜೊತೆಗಿರೋರು ಡಾಕ್ಟರಿಗೆ ಹೇಳದೆ ಕಾರ್ಬ್ ಕಡಿತ ಮಾಡಬಾರದು, ಡೋಸ್ ಬದಲಿಸಬೇಕಾಗುತ್ತೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದು ಕಾರ್ಬ್ ತೀರಾ ಕಡಿಮೆ ಮಾಡಿದರೆ ಶುಗರ್ ನಾರ್ಮಲ್ ಕಾಣುತ್ತಲೇ ರಕ್ತ ಆಮ್ಲವಾಗುವ ಅಪಾಯ ಇದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಕಾಯದೆ ಆಸ್ಪತ್ರೆಗೆ.

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ಬಿ12 ಇಳಿಯಬಹುದು. ಪಾದ ಜುಮ್ಮೆನ್ನೋದು, ವಿನಾಕಾರಣ ಸುಸ್ತು ಇದ್ದರೆ ಪರೀಕ್ಷೆ ಮಾಡಿಸಿ. ಶುಗರ್ ನಾರ್ಮಲ್ ಅಂತ ಹೇಳಿದ್ದು ಬರೀ ಹಸಿದ ಹೊಟ್ಟೆಯ ರಿಪೋರ್ಟ್ ನೋಡಿ ಆಗಿದ್ದರೆ, 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಗೆ ನೋಡುವ ಪರೀಕ್ಷೆ ಬೇಕಾ ಅಂತ ಕೇಳಿ. ಪಿಸಿಒಎಸ್‌ನಲ್ಲಿ ಹಸಿದ ಹೊಟ್ಟೆಯ ಲೆಕ್ಕ ಸರಿಯಿದ್ದು ಎರಡು ಗಂಟೆಯದ್ದು ಏರಿರೋದು ಉಂಟು. ಟಿಎಸ್‌ಎಚ್ ನೋಡಿಲ್ಲದಿದ್ದರೆ ಅದನ್ನೂ ನೋಡಿಸಿ, ಥೈರಾಯ್ಡ್ ತೊಂದರೆಗೂ ಮುಟ್ಟು ಏರುಪೇರಾಗುತ್ತೆ.

ಇನ್ನೊಂದು: ಆಹಾರ, ಮಾತ್ರೆ ಸರಿಹೋದಾಗ ಅಂಡೋತ್ಪತ್ತಿ ಮುಂಚಿತವಾಗಿ ತಿಳಿಸದೆ ಶುರುವಾಗಬಹುದು. ಸದ್ಯಕ್ಕೆ ಮಗು ಬೇಡ ಅನ್ನೋರು ‘ನನಗೆ ಪಿಸಿಒಎಸ್ ಇದೆಯಲ್ಲ’ ಅಂತ ನಂಬಿಕೊಂಡು ಕೂರಬೇಡಿ. ಗರ್ಭಿಣಿ ಅಂತ ಗೊತ್ತಾದ ಮೇಲೆ ಕಾರ್ಬ್ ಕಡಿತವನ್ನು ಸ್ವಂತ ನಿರ್ಧಾರದಲ್ಲಿ ಮುಂದುವರಿಸಬೇಡಿ.

ಪಥ್ಯದ_ಲೆಕ್ಕ

ಹುರಿಗಡಲೆ ಬಗ್ಗೆ ಸಿದ್ದಾಪುರದವರು ಹೇಳಿದ್ದು ಒಪ್ಪಿದೆ, ಅರ್ಧಕ್ಕರ್ಧ ಆದರೆ ಸರಿ. ಬೇಕರಿ, ಚಾಕೊಲೇಟ್ ಅಂಗಡಿಗಳಲ್ಲಿ ಸಿಗುವ ‘ಶುಗರ್ ಫ್ರೀ’ ಮಾಲಿನ ಬಗ್ಗೆ ಮಾತ್ರ ಎಚ್ಚರ. ಸಕ್ಕರೆ ತೆಗೆದು ಮಾಲ್ಟಿಟಾಲ್ ಅನ್ನೋ ಬದಲಿ ಸಿಹಿ ಹಾಕಿರ್ತಾರೆ. ಅದು ಶುಗರನ್ನು ಸಕ್ಕರೆಗಿಂತ ಕಡಿಮೆ ಏರಿಸುತ್ತೆ, ಆದರೆ ಏರಿಸುತ್ತೆ. ನಾಲ್ಕು ತುಂಡು ತಿಂದರೆ ಹೊಟ್ಟೆ ಉಬ್ಬರ, ಭೇದಿ. ಮೆಟ್‌ಫಾರ್ಮಿನ್ ಜೊತೆಗೆ ಅದು ಇನ್ನೂ ಜೋರು. ಬಿಸ್ಕೆಟ್ ಆದರೆ ಸಕ್ಕರೆ ಇಲ್ಲದಿದ್ದರೂ ಮೈದಾ ಇದ್ದೇ ಇದೆ. ಪೊಟ್ಟಣದ ಮುಂಭಾಗ ಓದಬೇಡಿ, ಹಿಂದೆ 100 ಗ್ರಾಂಗೆ ಒಟ್ಟು ಕಾರ್ಬ್ ಎಷ್ಟು ಅಂತ ನೋಡಿ. 30 ದಾಟಿದ್ದನ್ನು ಡಬ್ಬಿಗೆ ಹಾಕಬೇಡಿ.

ಮನೆಯಲ್ಲಿರುವ ಮಖಾನ ಬಿಸಾಡೋದು ಬೇಡ, ಹತ್ತು ಹನ್ನೆರಡು ಕಾಳು ಮಿಶ್ರಣದ ಜೊತೆ ಹಾಕಿಕೊಂಡು ಮುಗಿಸಿ. ಉಂಡೆ ಪುತ್ತರಿ ಹಬ್ಬಕ್ಕೆ (ನಮ್ಮ ಸುಗ್ಗಿ ಹಬ್ಬ) ಇರಲಿ. ಅವತ್ತು ತಂಬುಟ್ಟು ಅನ್ನೋ ಸಿಹಿ ಬೇರೆ ಇರುತ್ತೆ, ಎರಡರಲ್ಲಿ ಒಂದು ಆರಿಸಿಕೊಂಡು ಊಟದ ಕೊನೆಗೆ ತಿನ್ನಿ, ಖಾಲಿ ಹೊಟ್ಟೆಗಲ್ಲ.

ಗೋಣಿಕೊಪ್ಪಲು_ಓದುಗಿ

ಸರಿ. ನಾಳೆಯಿಂದ ಒಂದು ಒಟ್ಟಿ, ಎರಡು ಮೊಟ್ಟೆ. ಮಿಶ್ರಣ ಭಾನುವಾರ ಮಾಡ್ತೇನೆ. 11ಕ್ಕೆ ತೀರಾ ಹಸಿದರೆ ಮಜ್ಜಿಗೆ ನಡೆಯುತ್ತಾ? ಬೆಳಿಗ್ಗೆ ಸ್ಟೀಲ್ ಬಾಟಲಿಯಲ್ಲಿ ಒಯ್ಯೋದು.

ಸಿದ್ದಾಪುರ_ಕ್ರಾಸ್

ನಡೆಯುತ್ತೆ. 50 ಗ್ರಾಂ ಮೊಸರಿಗೆ 150 ಎಂಎಲ್ ನೀರು, ಶುಂಠಿ, ಉಪ್ಪು. ಕಾರ್ಬ್ ಎರಡು ಮೂರು ಗ್ರಾಂ ಅಷ್ಟೇ. ಬಾಟಲಿ ಕಂಠದವರೆಗೆ ತುಂಬಬೇಡಿ, ಹುಳಿ ಏರುವಾಗ ಗ್ಯಾಸ್ ಕಟ್ಟಿ ಮುಚ್ಚಳ ತೆರೆದ ಕೂಡಲೇ ಮೇಜೆಲ್ಲ ಮಜ್ಜಿಗೆ ಆಗುತ್ತೆ.